ಕಡಲ ಮನೆಗೆ ಹೋದ ಚೌಳು ಮಣ್ಣು

ಮಗಳನ್ನು ಕೊಟ್ಟಿರುವ ಮನೆ ಸಮುದ್ರದ ದಂಡೆಯಲ್ಲಿದೆ, ಮೂರು ತಲೆಮಾರಿನ ಹಳೆಯ ಮನೆ ಎಂದ ಕೂಡಲೇ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಎಲ್ಲರೂ ಫೋಟೊ ತೋರಿಸಿ ಎಂದು ಮುತ್ತಿಕೊಳ್ಳುತ್ತಾರೆ. ತೋರಿಸುತ್ತೇನೆ. ಹಲಸಿನ ಮರದ ಕಂಬಗಳನ್ನೂ ಕನ್ನಡಿ ಹಾಗೆ ಹೊಳೆಯುವ ನೆಲವನ್ನೂ ನೋಡಿ ನಿಮ್ಮ ಮಗಳು ಪುಣ್ಯವಂತೆ ಎನ್ನುತ್ತಾರೆ. ಆದರೆ ಆ ಮನೆ ಏನೆಂದು ನನಗೆ ತಿಳಿಸಿಕೊಟ್ಟದ್ದು ಕಂಬವಲ್ಲ, ನೆಲವಲ್ಲ. ಒಂದು ಕೋಣೆಯ ಗೋಡೆಯ ನೆತ್ತಿಯಲ್ಲಿದ್ದ ಆರು ಗಾಳಿಕಿಂಡಿಗಳು. ಆ ಆರನ್ನೂ ನಾನು ಮತ್ತು ನಮ್ಮಪ್ಪ ಸೇರಿ ಮಣ್ಣು ಮೆತ್ತಿ ಮುಚ್ಚಿದ್ದೆವು. ಈ ಮಾತನ್ನು ಸ್ಟಾಫ್ ರೂಮಿನಲ್ಲಿ ಹೇಳಿಲ್ಲ.

ನಮ್ಮದು ಪಾವಗಡ ತಾಲ್ಲೂಕು. ಅಂಗಳದಲ್ಲಿ ನಿಂತರೆ ನಿಡುಗಲ್ ಬೆಟ್ಟ ಕಾಣುತ್ತದೆ. ಅಪ್ಪ ಮಣ್ಣಿನ ಮಾಳಿಗೆ ಹಾಕುವ ಕೆಲಸದವರು. ನಮ್ಮ ಕಡೆ ಅದಕ್ಕೆ ಮಿದ್ದೆ ಎನ್ನುತ್ತಾರೆ. ಕಲ್ಲುಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಕಡ್ಡಿ ಹರಡಿ, ಹೊಂಗೆ ಸೊಪ್ಪು ಹಾಸಿ, ಮಣ್ಣು ತುಳಿದು, ಕೊನೆಗೆ ಎಲ್ಲಕ್ಕಿಂತ ಮೇಲೆ ಒಂದು ಗೇಣು ಚೌಳು ಮಣ್ಣು. ಕೆರೆಯಂಚಿನಲ್ಲಿ ಏನೂ ಬೆಳೆಯದೆ ಬೆಳ್ಳಗೆ ಉಪ್ಪು ಬಿಟ್ಟುಕೊಂಡಿರುವ ನೆಲವಿರುತ್ತದಲ್ಲ, ಅಲ್ಲಿಯ ಮಣ್ಣು ಅದು. ಬೆಳೆಗೆ ಶತ್ರು, ಸೂರಿಗೆ ಬಂಧು. ಒಂದು ಮಳೆ ಬಿದ್ದರೆ ಬಿಗಿದುಕೊಂಡು ಕೂರುತ್ತದೆ, ಆಮೇಲೆ ಎಷ್ಟು ಸುರಿದರೂ ಒಂದು ಹನಿ ಕೆಳಗಿಳಿಯುವುದಿಲ್ಲ. ಪ್ರತಿ ವರ್ಷ ಮಳೆಗೆ ಮುಂಚೆ ಹೊಸ ಚೌಳು ಹಾಕಬೇಕು. ಕೊಡಿಗೇನಹಳ್ಳಿ, ಮಧುಗಿರಿ, ಸಿರಾದ ಕಡೆಯ ಹಳ್ಳಿಗಳವರೆಗೂ ಅಪ್ಪನನ್ನು ಕರೆದೊಯ್ಯುತ್ತಿದ್ದರು. ಈಗ ಎಲ್ಲೆಲ್ಲೂ ಸಿಮೆಂಟಿನ ತಾರಸಿ. ಅಪ್ಪನ ಕೈಯ ಮಿದ್ದೆ ಇನ್ನೂ ಉಳಿದಿರುವುದು ನಮ್ಮ ಮನೆಯೊಂದಕ್ಕೇ. ಅದನ್ನು ಕೆಡವಿ ತಾರಸಿ ಹಾಕಿಸೋಣ ಎಂದು ನಾನು ಎರಡು ಸಲ ಅಂದಿದ್ದೆ. ಎರಡು ಸಲವೂ ಅಪ್ಪ ಆ ದಿನ ಊಟ ಬಿಟ್ಟರು.

ನಾನು ಒಬ್ಬಳೇ ಮಗಳು. ನನ್ನ ಗಂಡ ಮನೆ ಅಳಿಯನಾಗಿ ಬಂದವರು. ಹಾಗಾಗಿ ನಾನು ಹುಟ್ಟಿದ್ದೂ ಆ ಸೂರಿನ ಕೆಳಗೆ, ನನ್ನ ಮಗಳು ಹುಟ್ಟಿದ್ದೂ ಆ ಸೂರಿನ ಕೆಳಗೆ, ಒಂದೇ ಕೋಣೆಯಲ್ಲಿ. ಮಗಳಿಗೆ ಬ್ಯಾಂಕಿನಲ್ಲಿ ಕೆಲಸವಾಗಿ ಉಡುಪಿಯಿಂದ ಉತ್ತರಕ್ಕೆ ಕಡಲ ಪಕ್ಕದ ಒಂದು ಊರಿಗೆ ಹಾಕಿದರು. ಅಲ್ಲಿಯವನನ್ನೇ ಮೆಚ್ಚಿಕೊಂಡಳು, ಮದುವೆಯಾಯಿತು. ಬಸುರಿ ಎಂದು ತಿಳಿದ ದಿನವೇ ಅಪ್ಪ, ಅವಳ ಬಾಣಂತನಕ್ಕೆ ಅದೇ ಕೋಣೆ ಎಂದು ತೀರ್ಮಾನ ಕೊಟ್ಟುಬಿಟ್ಟರು. ಯುಗಾದಿ ಮುಗಿದದ್ದೇ ತಡ, ಎಪ್ಪತ್ತೆಂಟನೆಯ ವಯಸ್ಸಿನಲ್ಲಿ ಏಣಿ ಹತ್ತಿ ಆ ಕೋಣೆಯ ಮೇಲೆ ಎರಡು ಪಾಲು ಚೌಳು ಹಾಕಿದರು.

ಮರುವಾರ ಮಗಳ ಫೋನ್ ಬಂತು.

"ಅಮ್ಮಾ, ನಾನು ಬರಕ್ಕಾಗಲ್ಲ. ಬೀಪಿ ಜಾಸ್ತಿ ಐತಂತೆ. ಬಸ್ಸು, ಕಾರು ಯಾವ್ದೂ ಹತ್ತಬಾರ್ದು ಅಂದ್ರು ಡಾಕ್ಟ್ರು. ಮಲ್ಗೇ ಇರ್ಬೇಕಂತೆ." ಅಷ್ಟು ಹೇಳಿ ಅಳತೊಡಗಿದಳು. "ನಂಗೆ ನಮ್ಮನೆ ಬೇಕು ಅಮ್ಮಾ."

ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು. ಇದು ಶಾಸ್ತ್ರದ ಮಾತೋ ಅಲ್ಲವೋ ನನಗೆ ಗೊತ್ತಿಲ್ಲ, ಆದರೆ ನನ್ನ ಹೊಟ್ಟೆಯೊಳಗಿನ ಮಾತು. ನಾನೂ ಅತ್ತುಬಿಟ್ಟೆ. ಸಂಜೆ ನೋಡಿದರೆ ಅಪ್ಪ ಮತ್ತೆ ಸೂರಿನ ಮೇಲಿದ್ದಾರೆ. ಗುದ್ದಲಿಯಿಂದ, ಆಗತಾನೇ ಹಾಕಿದ್ದ ಚೌಳನ್ನು ಕೆರೆದು ಕೆರೆದು ಗೋಣಿಚೀಲಕ್ಕೆ ತುಂಬುತ್ತಿದ್ದಾರೆ.

"ಏನಪ್ಪಾ ಇದು?"

"ಅವ್ಳು ಸೂರಿನ ತಾವ್ಕೆ ಬರಾಕಿಲ್ಲ ಅಂದ್ರೆ ಸೂರೇ ಅವ್ಳ ತಾವ್ಕೆ ಹೋಗ್ಲಿ ಬುಡು," ಅಂದರು.

ಹುಚ್ಚು ಹಿಡಿದಿದೆ ಅಂದುಕೊಂಡೆ. ಹೇಳಲೂ ಹೇಳಿದೆ. ಆದರೆ ಮೂಟೆಯ ಬಾಯಿ ಹೊಲಿಯಲು ದಬ್ಬಳ ತಂದುಕೊಟ್ಟವಳೂ ನಾನೇ.

ಬೇಸಿಗೆ ರಜ ಶುರುವಾಗಿತ್ತು. ಯಜಮಾನರನ್ನು ಹಸುಗಳ ಜೊತೆ ಬಿಟ್ಟು ನಾವಿಬ್ಬರೂ ಹೊರಟೆವು. ತುಮಕೂರಿನಲ್ಲಿ ಬಸ್ಸು ಬದಲಾಯಿಸುವಾಗ ಕಂಡಕ್ಟರ್ ಮೂಟೆಯನ್ನು ಕಾಲಿನಲ್ಲಿ ಒತ್ತಿ ನೋಡಿ, "ಏನ್ ತಾತ, ರಾಗೀನಾ?" ಎಂದು ಕೇಳಿದ.

"ಮಣ್ಣು."

"ಮಣ್ಣಾ? ಯಾಕೆ, ಅಲ್ಲಿ ಮಣ್ಣಿಲ್ವಾ?"

"ಐತೆ. ನಮ್ದಲ್ಲ," ಅಂದರು ಅಪ್ಪ, ಬಸ್ಸಿಗೆಲ್ಲ ಕೇಳುವಂತೆ. ನಾನು ಕಿಟಕಿಯ ಕಡೆ ತಿರುಗಿ, ಈ ಮುದುಕ ಯಾರೋ ನನಗೆ ಗೊತ್ತೇ ಇಲ್ಲ ಎನ್ನುವ ಹಾಗೆ ಕೂತೆ.

ಮದುವೆ ಮಂಟಪದಲ್ಲಿ ಆಗಿದ್ದರಿಂದ ಆ ಮನೆಯನ್ನು ನಾವು ಸರಿಯಾಗಿ ನೋಡಿದ್ದು ಆಗಲೇ. ಸಮುದ್ರದ ಮನೆ ಎಂದರೆ ದೊಡ್ಡ ದೊಡ್ಡ ಕಿಟಕಿಗಳಿದ್ದು, ಮಂಚದ ಮೇಲೆ ಮಲಗಿ ಅಲೆ ನೋಡಬಹುದು ಎಂದು ಸಿನಿಮಾ ನೋಡಿ ಬೆಳೆದ ನಾನು ಅಂದುಕೊಂಡಿದ್ದೆ. ಆ ಮನೆಯ ಪಡುವಣ ಗೋಡೆಯಲ್ಲಿ ಒಂದು ಕಿಟಕಿಯೂ ಇರಲಿಲ್ಲ. ಆ ಕಡೆಯ ಹಂಚಿನ ಮಾಡು, ಎಂದರೆ ಸೂರು, ಇಳಿದು ಇಳಿದು ನನ್ನ ಭುಜದ ಮಟ್ಟಕ್ಕೆ ಬಂದು ನಿಂತಿತ್ತು. ಎಲ್ಲ ಬಾಗಿಲೂ ಮೂಡಣಕ್ಕೆ. ಒಳಗೆ ಹೋಗಲು ಬಗ್ಗಬೇಕು. ಅಪ್ಪ ಬಗ್ಗಲಿಲ್ಲ, ಹಣೆ ಬಡಿಸಿಕೊಂಡರು.

"ಸಮುದ್ರಕ್ಕೆ ಬೆನ್ನಾಕ್ಕಂಡು ಕುಂತೈತಲ್ಲ ಮನೆ!" ಅಂದರು ಹಣೆ ಉಜ್ಜಿಕೊಳ್ಳುತ್ತ.

ಬೀಗಿತ್ತಿ, ಎಂದರೆ ನನ್ನ ಮಗಳ ಅತ್ತೆ, ತಂಬಿಗೆಯಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲ ಹಿಡಿದು ನಿಂತಿದ್ದರು. ತೆಳ್ಳನೆಯ, ಮಾತು ಕಡಿಮೆಯ ಹೆಂಗಸು. ಗಂಡ ಹೋಗಿ ಹತ್ತು ವರ್ಷವಾಗಿದೆ, ಮನೆ ನಡೆಸುವುದು ಅವರೇ. ಮನೆಯಲ್ಲಿ ತುಳು ಆಡುವವರು ನಮ್ಮ ಜೊತೆ ಪುಸ್ತಕದ ಹಾಗೆ ಕನ್ನಡ ಆಡುತ್ತಾರೆ. ನನ್ನನ್ನು ಮೊದಲ ದಿನದಿಂದ ಟೀಚರ್ ಎಂದೇ ಕರೆದರು.

"ಸಮುದ್ರ ನೋಡ್ಲಿಕ್ಕೆ ಮನೆ ಕಟ್ಟಿದ್ದಲ್ಲ ಅಜ್ಜ," ಅಂದರು. "ಸಮುದ್ರದಿಂದ ಮನೆಯನ್ನು ಉಳಿಸ್ಲಿಕ್ಕೆ ಕಟ್ಟಿದ್ದು."

ಅಪ್ಪ ಮೊಮ್ಮಗಳ ತಲೆ ಸವರಿ, ಎರಡು ತೊಟ್ಟು ಕಣ್ಣೀರು ಒರೆಸಿಕೊಂಡು, ಆಮೇಲೆ ಇಡೀ ದಿನ ಆ ಮನೆಯನ್ನು ಮುಟ್ಟಿ ಮುಟ್ಟಿ ನೋಡಿದರು. ಕೆಂಪು ಮುರಕಲ್ಲಿನ ಗೋಡೆಯನ್ನು ಗೆಣ್ಣಿನಿಂದ ತಟ್ಟಿ ಕಿವಿ ಕೊಟ್ಟರು. ಹಜಾರದಂಥ ಚಾವಡಿಯ ನಡುವೆ ನಿಂತು ಕತ್ತೆತ್ತಿ ಮಾಡಿನ ಮರಗಳನ್ನು ನೋಡಿದರು. ಬೀಗಿತ್ತಿಯ ಮಾವನ ತಂದೆ ಹಾಯಿದೋಣಿಗಳಲ್ಲಿ ಹಂಚು ಸಾಗಿಸುತ್ತಿದ್ದವರಂತೆ. ದೋಣಿ ಕಟ್ಟುವ ಆಚಾರಿಗಳಿಂದಲೇ ಮಾಡು ಕಟ್ಟಿಸಿದ್ದರಂತೆ. ಇಡೀ ಮಾಡಿನಲ್ಲಿ ಒಂದು ಕಬ್ಬಿಣದ ಮೊಳೆ ಇಲ್ಲ, ಎಲ್ಲ ಮರದ ಗೂಟ. ಉಪ್ಪುಗಾಳಿಗೆ ಕಬ್ಬಿಣ ಹತ್ತು ವರ್ಷ ಬಾಳುವುದಿಲ್ಲ ಎಂದು ಬೀಗಿತ್ತಿ ಹೇಳಿದರು. ಅಪ್ಪ ತಲೆದೂಗಿದರು. ಕೆಲಸ ಬಲ್ಲವನು ಇನ್ನೊಬ್ಬ ಕೆಲಸ ಬಲ್ಲವನಿಗೆ ತಲೆದೂಗುವ ರೀತಿ ಅದು, ಆ ಆಚಾರಿಗಳು ಎಂದೋ ಮಣ್ಣಾಗಿದ್ದರೂ.

ಬಾಣಂತಿಗೆಂದು ಇಟ್ಟಿದ್ದ ಕೋಣೆ ಈಶಾನ್ಯದಲ್ಲಿತ್ತು, ಬೀಗಿತ್ತಿಯೂ ಅಲ್ಲೇ ಬಾಣಂತಿಯಾಗಿದ್ದರಂತೆ. ತಲೆಯ ಮೇಲೆ ಮರದ ಹಲಗೆಯ ಮುಚ್ಚಿಗೆ. ಮೂಡಣಕ್ಕೆ ಒಂದು ಚಿಕ್ಕ ಕಿಟಕಿ. ಗೋಡೆ ಮುಗಿದು ಮುಚ್ಚಿಗೆ ಶುರುವಾಗುವ ಜಾಗದಲ್ಲಿ, ನಾಲ್ಕು ಬೆರಳು ಎತ್ತರ, ಒಂದು ಮೊಳ ಉದ್ದದ ಕಿಂಡಿಗಳು. ಹೊರಗೋಡೆಗಳಲ್ಲಿ ಐದು, ಚಾವಡಿಯ ಕಡೆಯ ಬಾಗಿಲ ಮೇಲೆ ಒಂದು.

ನಮ್ಮ ಕಡೆ ಬಾಣಂತಿ ಕೋಣೆಯೆಂದರೆ ದಾರದ ಎಳೆಯಷ್ಟು ಗಾಳಿಯೂ ನುಗ್ಗಬಾರದು. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಬಾಗಿಲ ಸಂದಿಗೆ ಗೋಣಿತಾಟು. ನಮ್ಮಲ್ಲಿ ಗಾಳಿ ಎಂದರೆ ಬಿಸಿ, ಧೂಳು, ಅದರ ಜೊತೆಗೆ ಬರುವ ಚೇಳು. ಸಂದಿ ಬಿಟ್ಟ ಗೋಡೆ ಎಂದರೆ ಸೋಮಾರಿಯ ಗೋಡೆ.

"ಇಂಗೆ ಬಾಯಿ ಬುಟ್ಕಂಡಿರೋ ಕೋಣೆಯಾಗೆ ಕೂಸಿನ್ನ ಹೆಂಗೆ ಮಲ್ಗಿಸ್ತೀಯಾ?" ಎಂದು ಅಪ್ಪ ನನ್ನ ಕಿವಿಯಲ್ಲಿ ಕೇಳಿದರು. ನನಗೂ ಹಾಗೇ ಅನ್ನಿಸಿತ್ತು. ಅಪ್ಪನ ಕಣ್ಣು ಮೂಲೆಯಲ್ಲಿದ್ದ ಮೂಟೆಯ ಕಡೆಗೆ ಹೋಯಿತು, ನನ್ನದೂ ಹೋಯಿತು. ಆ ಚೌಳು ಯಾಕೆ ಇಷ್ಟು ದೂರ ಬಂತು ಎನ್ನುವುದು ಆ ಗಳಿಗೆಯಲ್ಲಿ ಇಬ್ಬರಿಗೂ ಗೊತ್ತಾದಂತಾಯಿತು.

ಮಗಳನ್ನು ಆಸ್ಪತ್ರೆಗೆ ಸೇರಿಸಿದಾಗ ಬೀಗಿತ್ತಿ ಅಲ್ಲಿ ಉಳಿದರು, ಹಗಲು ನಾನು ಹೋಗಿ ಬರುತ್ತಿದ್ದೆ. ಹೆಣ್ಣುಮಗು. ತಾಯಿ ಮಗು ಇಬ್ಬರೂ ಕ್ಷೇಮ ಎಂದಾಗ ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಗಟ್ಟಿಯಾಗಿ ಅತ್ತೆ. ಐದು ದಿನ ಅಲ್ಲೇ ಇರಬೇಕಾಯಿತು. ನನ್ನ ಅಳಿಯನನ್ನು ಅಪ್ಪ, "ಕೋಣೆ ಒಸಿ ಸರಿ ಮಾಡ್ಲೇನಪ್ಪಾ?" ಎಂದು ಕೇಳಿದರಂತೆ. ನಿದ್ದೆಗೆಟ್ಟು ತೂಕಡಿಸುತ್ತಿದ್ದ ಅವನು, "ನೀವು ಹೇಗೆ ಮಾಡಿದರೂ ಸರಿ ಅಜ್ಜ" ಅಂದನಂತೆ. ಅಷ್ಟು ಸಾಕಾಯಿತು.

ಅಪ್ಪ ಹಿತ್ತಿಲಿನಲ್ಲಿ ಚೌಳಿಗೆ ಬಾವಿಯ ನೀರು ಬಿಟ್ಟು, ಹುಲ್ಲು ಕತ್ತರಿಸಿ ಹಾಕಿ, ಪಂಚೆ ಮೇಲೆ ಕಟ್ಟಿಕೊಂಡು ತುಳಿದರು. ಎಷ್ಟೋ ವರ್ಷದ ಮೇಲೆ ಆ ಕಾಲಿಗೆ ಅದರ ಕೆಲಸ ಸಿಕ್ಕಿತ್ತು. ನಾನು ಉಂಡೆ ಕಟ್ಟಿ ಎತ್ತಿಕೊಟ್ಟೆ, ಅವರು ಏಣಿಯ ಮೇಲೆ ನಿಂತು ಒಂದೊಂದೇ ಕಿಂಡಿಗೆ ತುಂಬಿ, ಅಂಗೈಯಲ್ಲಿ ಸವರಿ, ಮೇಲೆ ಸುಣ್ಣ ಬಳಿದರು. ಕಿಂಡಿ ಇತ್ತು ಎಂದು ಗೊತ್ತಾಗದ ಹಾಗೆ ಮಾಡಿದರು. "ಈಗ ನಮ್ ಮಿದ್ದೆ ಬಂದಂಗಾಯ್ತು," ಅಂದರು.

ಮನೆಗೆ ಬಂದ ಬೀಗಿತ್ತಿ ಕೋಣೆಯ ಬಾಗಿಲಲ್ಲಿ ನಿಂತು ಮೇಲೆ ನೋಡಿದರು. ಸ್ವಲ್ಪ ಹೊತ್ತು ನೋಡುತ್ತಲೇ ಇದ್ದರು.

"ನಮ್ಮೂರಿನ ಮಣ್ಣು ತಾಯಿ. ಒಂದು ತೊಟ್ಟೂ ಸೋರಾಕಿಲ್ಲ," ಅಂದರು ಅಪ್ಪ.

"ಚಂದ ಆಗಿದೆ ಅಜ್ಜ," ಅಂದರು ಬೀಗಿತ್ತಿ. ಬೇರೇನೂ ಹೇಳಲಿಲ್ಲ. ಆ ಮೌನ ನನಗೆ ಮುಳ್ಳಿನ ಹಾಗೆ ಚುಚ್ಚಿತು. ಮೆಚ್ಚಿದ್ದರೆ ನಾಲ್ಕು ಮಾತಾಡಬಾರದೇ, ಮೆಚ್ಚದಿದ್ದರೆ ಬೈಯಬಾರದೇ? ನಮ್ಮ ಕಡೆಯವರಿಗೆ ಹೀಗೆ ಬಾಯಿ ಮುಚ್ಚಿಕೊಂಡು ಇರುವವರನ್ನು ಕಂಡರೆ ಹೆದರಿಕೆ.

ಮಗಳು ಮಗುವನ್ನು ಎತ್ತಿಕೊಂಡು ಕೋಣೆಗೆ ಬಂದಳು. ಬಾಗಿಲು ದಾಟಿ ಎರಡು ಹೆಜ್ಜೆ ಇಟ್ಟವಳು ನಿಂತುಬಿಟ್ಟಳು. ಮೂಗಿನ ತುಂಬ ಉಸಿರೆಳೆದುಕೊಂಡಳು.

"ಅಮ್ಮಾ, ನಮ್ಮನೆ ವಾಸ್ನೆ!"

ಹೌದು. ಹಸಿ ಚೌಳು, ಸುಣ್ಣ, ಹುಲ್ಲು. ಮೊದಲ ಮಳೆ ಬಿದ್ದ ದಿನ ನಮ್ಮ ಮನೆಯೊಳಗೆ ಇಳಿಯುವ ವಾಸನೆ. ವಾರಗಟ್ಟಲೆ ಮಲಗಿ ಮಲಗಿ ಬಾಡಿದ್ದ ಹುಡುಗಿ ತಾತನ ಕೈ ಹಿಡಿದುಕೊಂಡು ಅತ್ತಳು. ಅತ್ತು ಮುಗಿಸಿ ಮಲಗಿದವಳು ಸಂಜೆಯವರೆಗೂ ಕಣ್ಣು ಬಿಡಲಿಲ್ಲ. ಅಪ್ಪ ಬಾಗಿಲಾಚೆ ಕೂತು, ಒಳಗಿಂದ ಬರುವ ಇಬ್ಬರ ಉಸಿರನ್ನು ಕೇಳುತ್ತಿದ್ದರು. ಅಂಥ ಸುಖದ ಮುಖವನ್ನು ನಾನು ಅವರಲ್ಲಿ ಅಮ್ಮ ಹೋದ ಮೇಲೆ ನೋಡಿರಲಿಲ್ಲ.

ಮುಂದಿನ ಹದಿನೈದು ದಿನ ಅಪ್ಪ ಚಾವಡಿಯಲ್ಲಿ ಜಮೀನ್ದಾರರ ಹಾಗೆ ಓಡಾಡಿಕೊಂಡಿದ್ದರು. ಬೀಗಿತ್ತಿಗೆ ನಮ್ಮ ಮಿದ್ದೆಯ ಮಹಿಮೆ ಹೇಳಿದ್ದೇ ಹೇಳಿದ್ದು. ಅವರು ಮಡಲು ಹೆಣೆಯುತ್ತ ಕೇಳುತ್ತಿದ್ದರು. ಮಡಲು ಎಂದರೆ ತೆಂಗಿನ ಗರಿ. ಮಳೆಗಾಲಕ್ಕೆ ಮುಂಚೆ ಗರಿಯ ತಟ್ಟಿ ಹೆಣೆದು ಪಡುವಣ ಗೋಡೆಗೆ ಹೊದಿಸಬೇಕಂತೆ, ಇಲ್ಲದಿದ್ದರೆ ಗೋಡೆ ಮಳೆ ಕುಡಿಯುತ್ತದಂತೆ. "ನಾವು ಮಣ್ಣಾಕ್ತೀವಿ, ನೀವು ಗರಿ ಹಾಕ್ತೀರಿ. ಇಬ್ರೂ ಮಳೆಗೆ ಮುಂಚೆ ಮನೆಗೆ ಬಟ್ಟೆ ಉಡ್ಸೋರೇಯಾ," ಎಂದು ಅಪ್ಪ ಪಕ್ಕದಲ್ಲಿ ಕೂತು ತಾವೂ ಒಂದು ಗರಿ ಹೆಣೆಯಲು ಹೋಗಿ ಎಡವಟ್ಟು ಮಾಡಿದರು. ಬೀಗಿತ್ತಿ ನಕ್ಕದ್ದನ್ನು ಅವತ್ತೇ ನೋಡಿದ್ದು.

ಒಂದು ವಿಷಯ ಮಾತ್ರ ನನ್ನ ತಲೆ ಕೆಡಿಸುತ್ತಿತ್ತು. ದಿನಾ ಬೆಳಿಗ್ಗೆ ಮಗಳಿಗೆ ಎಣ್ಣೆನೀರು ಹಾಕಿ ಅವಳನ್ನು ಕರೆದುಕೊಂಡು ಬಚ್ಚಲಿನಿಂದ ಬಂದರೆ ಕೋಣೆಯ ಮೂಡಣ ಕಿಟಕಿ ತೆರೆದಿರುತ್ತಿತ್ತು. ನಾನು ದಡಾರನೆ ಮುಚ್ಚುತ್ತಿದ್ದೆ. ಸೆಕೆಯೆಂದು ನೀನೇ ತೆಗೆದು ಬಂದಿದ್ದೀಯ, ಶೀತ ಹಿಡಿದರೆ ಯಾರು ನೋಡುವವರು ಎಂದು ಮಗಳಿಗೆ ಬೈಯುತ್ತಿದ್ದೆ. ಅವಳು ತಾನಲ್ಲ ಎಂದು ಆಣೆ ಹಾಕುತ್ತಿದ್ದಳು. ನಾನು ನಂಬುತ್ತಿರಲಿಲ್ಲ.

ಮೇ ತಿಂಗಳು ಮುಗಿಯುವ ಹೊತ್ತಿಗೆ ಆ ಕಡಲೂರಿನ ಗಾಳಿ ಒದ್ದೆ ಬಟ್ಟೆಯಂತಾಯಿತು. ಒಗೆದದ್ದು ಒಣಗದು, ಉಪ್ಪಿನ ಡಬ್ಬಿಯಲ್ಲಿ ನೀರು. ಕೋಣೆಯ ಗೋಡೆಯಲ್ಲಿ ಅಪ್ಪ ಬಳಿದ ಸುಣ್ಣದ ಕೆಳಗೆ ಮೊದಲು ಒಂದು ಕಪ್ಪು ಮಚ್ಚೆ ಕಂಡಿತು. ನಾಲ್ಕು ದಿನಕ್ಕೆ ಆರು ಮಚ್ಚೆಗಳಾದವು. ಮುಚ್ಚಿಗೆಯ ಹಲಗೆಯಿಂದ ಮುಗ್ಗುಲು ವಾಸನೆ ಬರತೊಡಗಿತು. ಮಗುವಿನ ಮೂಗು ಕಟ್ಟಿತು, ಹಾಲು ಕುಡಿಯುವಾಗ ಉಸಿರಿಗೆ ಒದ್ದಾಡಿ ಅಳುತ್ತಿತ್ತು. ಡಾಕ್ಟರು ನೋಡಿ, ಮೂಗಿಗೆ ಹನಿ ಬರೆದುಕೊಟ್ಟು, ಕೋಣೆ ತೇವವಿದೆಯೇ ಎಂದು ಕೇಳಿದರು. ಮರುದಿನ ಬೆಳಿಗ್ಗೆ ಗೋಡೆಗೆ ತಾಗಿದ್ದ ತೊಟ್ಟಿಲ ಬಟ್ಟೆಯ ಮೇಲೆ ಒಂದು ಹನಿ ಬಿತ್ತು. ಇನ್ನೂ ಒಂದು ಮಳೆಯೂ ಬಂದಿರಲಿಲ್ಲ.

ಅಪ್ಪ ಕೆರಳಿ ಕೆಂಡವಾದರು. ಹಂಚು ಒಡೆದಿದೆ ಎಂದರು, ದೋಣಿ ಕಟ್ಟುವವರು ಮನೆ ಕಟ್ಟಿದರೆ ಇನ್ನೇನಾಗುತ್ತೆ ಎಂದರು. ಅಳಿಯನನ್ನು ಅಟ್ಟಕ್ಕೆ ಹತ್ತಿಸಿದರು. ಹಂಚು, ಮರ, ಎಲ್ಲ ಒಣಗಿದ್ದವು. ಆಗ ತಾವೇ ಏಣಿ ಹತ್ತಿ, ತಾವು ಮೆತ್ತಿದ ಜಾಗವನ್ನು ಬೆರಳಿನಲ್ಲಿ ಒತ್ತಿದರು. ಬೆರಳು ಒಳಗೆ ಹೋಯಿತು. ಅಲ್ಲಿಂದ ಜಾರಿದ ಒಂದು ಹನಿಯನ್ನು ನಾಲಿಗೆಗೆ ಹಚ್ಚಿಕೊಂಡರು. ನಾನು ಏಣಿ ಹಿಡಿದುಕೊಂಡು ಕೆಳಗಿದ್ದೆ.

"ಉಪ್ಪು," ಅಂದರು. "ನಮ್ ಮಣ್ಣೇ ಕಣಮ್ಮ. ಅಲ್ಲಿ ನೀರು ತಡೆಯೋ ಮಣ್ಣು ಇಲ್ಲಿ ಗಾಳಿಯಾಗಿನ ನೀರೆಲ್ಲಾ ಹೀರ್ಕಂಡು ಕುಂತೈತೆ."

ಇಳಿದು ಬಂದು ನೆಲದ ಮೇಲೆ ಕೂತರು. ತೊಟ್ಟಿಲಲ್ಲಿ ಮಗು ಗೊರಗೊರ ಉಸಿರಾಡುತ್ತಿತ್ತು. ಅದರ ಕಡೆ ನೋಡಲಿಲ್ಲ.

"ಐವತ್ತು ವರ್ಸ ಮಿದ್ದೆ ಹಾಕ್ದೋನು. ಒಂದು ಕೂಸಿಗೂ ನನ್ ಕೈಯಿಂದ ಹನಿ ಬಿದ್ದಿರ್ಲಿಲ್ಲ. ಈಗ ನನ್ ಮನೆ ಕೂಸಿಗೇ ಬೀಳಿಸ್ಬುಟ್ಟೆ. ಬಸ್ಸು ಹತ್ಸು ನನ್ನ. ಆ ಯಮ್ಮನ ಮುಖ ಹೆಂಗೆ ನೋಡ್ಲಿ ನಾನು?"

ನನಗೆ ಅಪ್ಪನ ಮೇಲೆ ಮರುಕ ಬಂದಷ್ಟೇ ಬೀಗಿತ್ತಿಯ ಮೇಲೆ ಸಿಟ್ಟು ಬಂತು. ನೆಟ್ಟಗೆ ಅಡುಗೆಮನೆಗೆ ಹೋದೆ. ಅವರು ಒಲೆಯ ಮುಂದೆ ಗಂಜಿ ತಿರುವುತ್ತಿದ್ದರು.

"ಅಕ್ಕಾ, ನಿಮ್ಗೆ ಗೊತ್ತಿತ್ತು ಅಲ್ವಾ? ಆ ಕಿಂಡಿ ಮುಚ್ಚಬಾರ್ದು ಅಂತ ಮೊದಲ ದಿನವೇ ಗೊತ್ತಿತ್ತು. ಒಂದು ಮಾತು ಹೇಳಿದ್ರೆ ನಮ್ಮಪ್ಪ ಇವತ್ತು ಹಿಂಗೆ ಕೂರ್ತಿದ್ರಾ? ಕೂಸಿಗೆ ಹಿಂಗಾಗ್ತಿತ್ತಾ?"

ಅವರು ಒಲೆ ಆರಿಸಿದರು. ಕೈ ಒರೆಸಿಕೊಂಡು ನನ್ನ ಎದುರು ನಿಂತರು.

"ಗೊತ್ತಿತ್ತು. ಹೇಳ್ಬೇಕಿತ್ತು. ನನ್ನದೇ ತಪ್ಪು ಟೀಚರ್," ಅಂದರು. "ಆದರೆ ನಿಮ್ಮ ಮಗಳು ಈ ಮನೆಯಲ್ಲಿ ಎಷ್ಟು ದಿನ ಮುಚ್ಚಿಗೆ ನೋಡಿಕೊಂಡು ಮಲಗಿದ್ಳು, ನೋಡಿದವಳು ನಾನು. ನಾನು ಎಂತ ಮಾಡಿ ಕೊಟ್ಟರೂ ತಿಂತಿದ್ಳು, ನಗ್ತಿದ್ಳು. ನಾನು ಆಚೆ ಹೋದ ಮೇಲೆ ಅಳ್ತಿದ್ಳು. ಆಸ್ಪತ್ರೆಯಿಂದ ಬಂದ ದಿನ ಆ ಮಣ್ಣಿನ ವಾಸನೆಗೆ ನಿದ್ದೆ ಮಾಡಿದಳಲ್ಲ, ಆವಾಗ ನಾನು ಹೇಗೆ ಹೇಳುವುದು, ಅದನ್ನು ತೆಗೀರಿ ಅಂತ? ಮಳೆ ಹಿಡಿಯುವುದರೊಳಗೆ ಹೇಳುವಾ ಅಂತಿದ್ದೆ. ದಿನಾ ಅಜ್ಜನ ಮುಖ ನೋಡಿ ನಾಳೆ ಹೇಳುವಾ ಅಂತ ಬಿಡ್ತಿದ್ದೆ. ನೀವು ಅವಳಿಗೆ ನೀರು ಹಾಕುವಾಗ ಕಿಟಕಿಯಾದ್ರೂ ತೆಗೆದಿಡ್ತಿದ್ದೆ. ನೀವು ಬಂದು ಮುಚ್ಚಿಬಿಡ್ತಿದ್ರಿ."

ಹದಿನೈದು ದಿನ ನಾನು ದಡಾರನೆ ಮುಚ್ಚಿದ ಕಿಟಕಿಯನ್ನು ಹದಿನೈದು ದಿನವೂ ಸದ್ದಿಲ್ಲದೆ ತೆರೆದವರು ಇವರು. ಬಾಯಿ ಬಿಡದ ಹೆಂಗಸು ಎಂದು ಮನಸ್ಸಿನಲ್ಲೇ ಬೈದುಕೊಂಡಿದ್ದೆನಲ್ಲ, ನಾಚಿಕೆಯಾಯಿತು. ಇಬ್ಬರೂ ಅತ್ತೆವು.

ಬೀಗಿತ್ತಿಯೇ ಅಪ್ಪನ ಹತ್ತಿರ ಹೋದರು. ಏನೋ ಹೇಳಿದರು, ಅಪ್ಪ ಕೈ ಮುಗಿದರು, ಅವರು ಆ ಕೈ ಹಿಡಿದು ಕೆಳಗಿಳಿಸಿದರು. ಅವತ್ತೇ ಮಗು ತಾಯಿ ಇಬ್ಬರನ್ನೂ ಚಾವಡಿಗೆ ತಂದು ಮಲಗಿಸಿದೆವು. ಅಪ್ಪ ಉಳಿಯಿಂದ ಒಂದೊಂದೇ ಕಿಂಡಿ ಬಿಡಿಸಿದರು. ಮೊದಲನೆಯದು ತೆರೆದಾಗ ಗಾಳಿ ಸುಯ್ಯೆಂದು ಒಳಬಂದು, ಚಾವಡಿ ದಾಟಿ, ಆಚೆಯ ಬಾಗಿಲಿನಿಂದ ಹೊರಟುಹೋಯಿತು. ಆಗ ನನಗೆ ಆ ಮನೆ ಅರ್ಥವಾಯಿತು. ನಮ್ಮ ಮನೆ ಬಾಯಿ ಮುಚ್ಚಿಕೊಂಡು ಬದುಕುತ್ತದೆ, ಆ ಮನೆ ಉಸಿರಾಡಿಕೊಂಡು ಬದುಕುತ್ತದೆ. ಅಪ್ಪನಿಗೂ ಅರ್ಥವಾಗಿರಬೇಕು. "ಅಬ್ಬಾ, ಹೆಂಗೆ ಎಳ್ಕತೈತೆ ನೋಡು," ಅಂದರು ಮೆಲ್ಲಗೆ. ಐದು ಹೊರಕಿಂಡಿ ಬಿಡಿಸುವಷ್ಟರಲ್ಲಿ ಅವರ ತೋಳು ಸೋತಿತ್ತು. ಬಾಗಿಲ ಮೇಲಿನ ಒಳಗೋಡೆಯದನ್ನು ತಾನೇ ನೋಡಿಕೊಳ್ಳುತ್ತೇನೆ, ಇಳಿಯಿರಿ ಎಂದು ಬೀಗಿತ್ತಿ ಏಣಿ ಎಳೆದುಕೊಂಡರು.

ವಾರದಲ್ಲಿ ಮಗುವಿನ ಮೂಗು ಬಿಟ್ಟಿತು. ಮಳೆ ಹಿಡಿಯುವ ಹೊತ್ತಿಗೆ ಅಪ್ಪ ಊರಿಗೆ ವಾಪಸಾಗಿದ್ದರು. ಶಾಲೆ ಶುರುವಾಗಿದ್ದರಿಂದ ನಾನೂ ಸ್ವಲ್ಪ ದಿನದ ಮೇಲೆ ಊರಿಗೆ ಬಂದೆ. ಬಂದವಳು ನೋಡಿದರೆ, ನಮ್ಮ ಮನೆಯ ಆ ಕೋಣೆಯ ಮೇಲೆ ಅಪ್ಪ ಮೂಟೆಗೆಂದು ಕೆರೆದ ಜಾಗ ಹಾಗೇ ಬೋಳಾಗಿತ್ತು. ಸಣ್ಣ ಮಳೆಗೂ ತೊಟ್ಟಿಕ್ಕುತ್ತಿತ್ತು. ಕೆಳಗೆ ಬಕೆಟ್ ಇಟ್ಟಿದ್ದರು. ಕೆರೆಯಂಚಿನಲ್ಲಿ ಚೌಳಿಗೇನು ಬರವೇ? ಆದರೂ ಹಾಕಲಿಲ್ಲ. ನಾನು ಕೇಳಿದರೆ, "ನನ್ ಕೈ ಮ್ಯಾಲೆ ನಂಗೇ ನಂಬ್ಕೆ ಹೋಗ್ಬುಟ್ಟೈತೆ," ಅಂದರು. ತಾರಸಿ ಹಾಕಿಸುವುದಾದರೆ ಹಾಕಿಸಿಕೋ ಎಂದೂ ಅಂದರು. ಮೊದಲಾಗಿದ್ದರೆ ಆ ಮಾತಿಗೆ ಕುಣಿದಾಡುತ್ತಿದ್ದೆ. ಅವತ್ತು ನಾನು ಊಟ ಬಿಟ್ಟೆ.

ಐದು ತಿಂಗಳು ತುಂಬಿದ ಮೇಲೆ ಮಗಳು ತವರಿಗೆ ಬಂದಳು, ಅಕ್ಟೋಬರಿನಲ್ಲಿ. ಜೊತೆಗೆ ಬೀಗಿತ್ತಿ. ಬಸ್ಸಿನಿಂದ ಮೊದಲು ಮಗು ಇಳಿಯಿತು, ಆಮೇಲೆ ಮಗಳು, ಆಮೇಲೆ ಒಂದು ಗೋಣಿಚೀಲ. ಅಪ್ಪ ತಮ್ಮ ಮೂಟೆಯನ್ನು ದೂರದಿಂದಲೇ ಗುರುತು ಹಿಡಿದರು.

"ತುಮಕೂರಿನಲ್ಲಿ ಕಂಡಕ್ಟರ್ ಕೇಳಿದ ಅಜ್ಜ," ಅಂದರು ಬೀಗಿತ್ತಿ, ಸೆರಗಿನಲ್ಲಿ ಬೆವರು ಒರೆಸಿಕೊಳ್ಳುತ್ತ. "ಅಲ್ಲಿ ಮಣ್ಣಿಲ್ವಾ ಅಂತ. ಉಂಟು ಮಾರಾಯ, ಇದೂ ಅಲ್ಲಿಯದೇ ಅಂತ ಹೇಳಿದೆ."

ಕಿಂಡಿಗಳಿಂದ ಬಿಡಿಸಿದ ಚೌಳನ್ನು ಹುಲ್ಲು ಆರಿಸಿ, ಜರಡಿ ಹಿಡಿದು, ಮಳೆ ಬಿಟ್ಟ ಮೇಲೆ ಬಿಸಿಲಲ್ಲಿ ಒಣಗಿಸಿ ತಂದಿದ್ದರು. ಅಪ್ಪ ಆ ಮಣ್ಣನ್ನು ಬೊಗಸೆಯಲ್ಲಿ ಹಿಡಿದು ನೋಡಿದರು. ಆಮೇಲೆ ಏಣಿ ತರಿಸಿದರು. ನನ್ನ ಗಂಡ ಮೂಟೆ ಹೊತ್ತರು, ನಾನು ಏಣಿ ಹಿಡಿದೆ. ಸಮುದ್ರ ನೋಡಿ ಬಂದ ಚೌಳು ತನ್ನ ಜಾಗಕ್ಕೆ ವಾಪಸು ಕೂತಿತು. ಅಪ್ಪ ಮೇಲಿನಿಂದಲೇ ಕೂಗಿದರು:

"ತಾಯೀ, ಎಲ್ಲಾ ಬಂತಾ? ಒಂದು ಮೊಳದಷ್ಟು ಕಮ್ಮಿ ಬೀಳ್ತೈತೆ!"

ಬೀಗಿತ್ತಿ ಅಂಗಳದಲ್ಲಿ ಮಗುವನ್ನು ಎತ್ತಿಕೊಂಡು ನಿಂತಿದ್ದರು.

"ಬಾಗಿಲ ಮೇಲಿನದ್ದು ನಾನು ತೆಗೀಲಿಲ್ಲ ಅಜ್ಜ. ಅದು ಒಳಗೋಡೆ, ದಿನಾ ಬಟ್ಟೆಯಲ್ಲಿ ಒರೆಸಿದರೆ ಆಯ್ತು. ಅವಳು ಮಲಗುವ ಕೋಣೆ ಅಲ್ವಾ, ಅಷ್ಟು ಅಲ್ಲಿ ಇರಲಿ."

ಅಪ್ಪ ನನ್ನನ್ನು ಕರೆದು, ಒಂದು ಮೊಳದಷ್ಟು ಜಾಗಕ್ಕೆ ಕೆರೆಯಂಚಿನಿಂದ ಹೊಸ ಚೌಳು ತರಲು ಹೇಳಿದರು. ಬುಟ್ಟಿ ಎತ್ತಿಕೊಂಡು ಹೊರಟೆ. ಬೀಗಿತ್ತಿಯೂ ಮಗುವನ್ನು ಮಗಳ ಕೈಗೆ ಕೊಟ್ಟು, ಸೆರಗು ಸಿಕ್ಕಿಸಿಕೊಂಡು ನನ್ನ ಜೊತೆ ಬಂದರು.